ಒಂದು ಖೋಲಿಗೆ ಒಂದೇ ಡಬ್ಬಿ

ಕಾಜಲ್ ಮಂಚದ ಮೇಲೆ ಎರಡನೇ ಸಲ ಕುಣಿದಾಗ ವಾರ್ಡನ್ ಮೇಡಂ ಕನ್ನಡಕದ ಮೇಲಿಂದ ನೋಡಿದರು. ಮೂರನೇ ಸಲಕ್ಕೆ ಅಪ್ಪ ಅವಳ ರಟ್ಟೆ ಹಿಡಿದು ಕೆಳಗಿಳಿಸಿದ.

"ಗಟ್ಟಿ ಐತಿ ಮಂಚ," ಎಂದಳು ಕಾಜಲ್, ತಾನು ಹತ್ತಿದ್ದೇ ಅದನ್ನು ಪರೀಕ್ಷೆ ಮಾಡಲು ಎನ್ನುವ ಹಾಗೆ.

ಕೋಣೆ ಚೆನ್ನಾಗಿತ್ತು. ಎರಡು ಕಬ್ಬಿಣದ ಮಂಚ, ಎರಡು ಕಪಾಟು, ತಿರುಗುವ ಫ್ಯಾನು, ಕಿಟಕಿಯಲ್ಲಿ ಗೋಕಾಕದ ಗುಡ್ಡ. ಒಂದು ಮಂಚದ ಮೇಲೆ ಆಗಲೇ ಯಾರದೋ ಹಾಸಿಗೆ ಇತ್ತು. ಇನ್ನೊಂದು ಖಾಲಿ. ಅದು ಅಕ್ಕ ಶಿವಾನಿಗೆ ಸಿಗಬಹುದಾದ ಮಂಚ.

ಶಿವಾನಿ ಗೋಕಾಕದ ಕಾಲೇಜಿನಲ್ಲಿ ಬಿ.ಎಸ್ಸಿ. ಮೊದಲ ವರ್ಷಕ್ಕೆ ಹೆಸರು ಹಚ್ಚಿದ್ದಳು. ಸೋಮವಾರ ಕ್ಲಾಸು ಶುರು. ಇವತ್ತು ಶನಿವಾರ. ಇರುವುದಕ್ಕೆ ಮಾತ್ರ ಇನ್ನೂ ಜಾಗ ಗೊತ್ತಾಗಿರಲಿಲ್ಲ.

ಈ ಹಾಸ್ಟೆಲ್ ಒಂದು ಟ್ರಸ್ಟಿನದು. ಊಟ, ವಸತಿ ಹೆಚ್ಚುಕಡಿಮೆ ಪುಕ್ಕಟೆ. ಇದೊಂದೇ ಬೆಡ್ ಉಳಿದಿದೆ, ಸಂಜೆ ಐದರ ತನಕ ಹಿಡಿದಿಡುತ್ತೇನೆ, ಐದು ಹೊಡೆದರೆ ಲಿಸ್ಟಿನಲ್ಲಿ ಮುಂದಿನ ಹುಡುಗಿಗೆ ಫೋನ್ ಮಾಡುತ್ತೇನೆ ಎಂದು ಮೇಡಂ ಹೇಳಿದರು. ಅಪ್ಪ ಈಶ್ವರ ಕೈ ಮುಗಿಯುವುದೊಂದು ಬಾಕಿ. ಹಿಟ್ಟಿನ ಗಿರಣಿ ನಡೆಸುವ ಮನುಷ್ಯ, ಕಿವಿಯ ಹಿಂದೆ ಯಾವಾಗಲೂ ಜೋಳದ ಹಿಟ್ಟಿನ ಬಿಳಿ. ಇವತ್ತು ಎರಡು ಸಲ ಸಾಬೂನು ಹಚ್ಚಿದರೂ ಅದು ಹೋಗಿರಲಿಲ್ಲ.

"ಮತ್ತ ಸಾಹಿರಾ ಅಕ್ಕಂದು ಮಂಚ ಎಲ್ಲೈತಿ?" ಎಂದು ಕೇಳಿದಳು ಕಾಜಲ್.

ಅಪ್ಪ ಕೆಮ್ಮಿದ. ಸಾಹಿರಾ ಯಾರೆಂದು ಮೇಡಂ ಕೇಳಿದರು. ಶಿವಾನಿ ಹೇಳಿದಳು: ಬಾಜೂ ಮನೆಯವಳು, ಒಂದನೇ ಇಯತ್ತೆಯಿಂದ ಒಂದೇ ಬೆಂಚು, ಈಗ ಕಾಲೇಜಿನಲ್ಲೂ ಒಂದೇ ಕ್ಲಾಸು. ಮೇಡಂ ಒರಟಾಗಿ ಏನೂ ಅನ್ನಲಿಲ್ಲ. ರಜಿಸ್ಟರನ್ನು ಮೆಲ್ಲಗೆ ಮುಚ್ಚಿದರು.

"ಇದು ನಮ್ಮವರ ಹುಡಿಗ್ಯಾರಿಗೆ ಅಂತ ಹಿರ್ಯಾರು ಕಟ್ಟಿಸಿದ್ದವ್ವಾ."

ಅಷ್ಟೇ. ಗೇಟಿನ ಕಮಾನಿನ ಮೇಲೆ ಬಂಗಾರದ ಬಣ್ಣದಲ್ಲಿ 'ಮನುಷ್ಯರೆಲ್ಲ ಒಂದೇ' ಎಂದು ಬರೆದಿತ್ತು. ಕಂಡದ್ದನ್ನೆಲ್ಲ ಓದುವ ಚಟವಿದ್ದ ಕಾಜಲ್ ಒಳಗೆ ಬರುವಾಗಲೇ ಅದನ್ನು ದೊಡ್ಡ ದನಿಯಲ್ಲಿ ಓದಿದ್ದಳು. ಬರೆದ ಪೇಂಟರು ಏಣಿ ಇಳಿದು ಒಳಗೆ ಬಂದು ಫಾರ್ಮು ನೋಡಿರಲಿಕ್ಕಿಲ್ಲ. ಅದರಲ್ಲಿ ಹೆಸರು ಮೊದಲನೇ ಸಾಲು, ಊರು ಎರಡನೇ ಸಾಲು. ಮೂರನೆಯದು ಜಾತಿ, ನಾಲ್ಕನೆಯದು ಒಳಜಾತಿ. ಮಾರ್ಕ್ಸು ಎಷ್ಟು ಎನ್ನುವುದು ಹನ್ನೊಂದನೇ ಸಾಲಿನಲ್ಲಿತ್ತು.

ಗೇಟಿನ ಹೊರಗೆ ಬೇವಿನ ಮರದ ಕೆಳಗೆ ಸಾಹಿರಾ ಮತ್ತು ಅವಳ ತಾಯಿ ಶಹನಾಜ ಚಾಚಿ ನಿಂತಿದ್ದರು. ಒಳಗೆ ಬನ್ನಿ ಎಂದು ಶಿವಾನಿ ಕರೆದರೂ ಅವರು ಬಂದಿರಲಿಲ್ಲ. ಜಾತಿಯ ಹೆಸರು ಹೊತ್ತ ಟ್ರಸ್ಟಿನ ಬೋರ್ಡು ನೋಡಿಯೇ ಅವರಿಗೆ ತಿಳಿದಿತ್ತು.

"ತಗೋಲೇ ಶಿವಾ," ಎಂದಳು ಸಾಹಿರಾ. "ಫ್ಯಾನ್ ಐತಂತ. ಮತ್ತೇನ ಬೇಕ ನಿನಗ?"

ನಗುತ್ತಲೇ ಅಂದಳು. ಆದರೆ ಅವಳ ಕೈ ಮಾತ್ರ ಫೈಲಿನ ದಾರವನ್ನು ಬಿಚ್ಚುತ್ತಿತ್ತು, ಮತ್ತೆ ಕಟ್ಟುತ್ತಿತ್ತು, ಮತ್ತೆ ಬಿಚ್ಚುತ್ತಿತ್ತು.

ಶಿವಾನಿ ಆ ಮಂಚವನ್ನು ತೆಗೆದುಕೊಂಡರೆ ಸಾಹಿರಾಳ ಓದು ಅಲ್ಲಿಗೇ ನಿಲ್ಲುತ್ತದೆ. ಇದು ಐವರಿಗೂ ಗೊತ್ತಿತ್ತು. ಸಾಹಿರಾಳ ಅಪ್ಪ, ಗಾದಿ ಹೊಲಿಯುವ ರಮಜಾನಸಾಬ, ಒಂದೇ ಮಾತು ಹೇಳಿದ್ದ. ಶಿವಾನಿ ಸಂಗಡ ಒಂದೇ ಕೋಣೆಯಲ್ಲಿ ಇರುವುದಾದರೆ ಕಳಿಸುತ್ತೇನೆ, ಒಬ್ಬಳನ್ನೇ ಬಿಡುವುದಿಲ್ಲ. ಇಲ್ಲದಿದ್ದರೆ ಹುಕ್ಕೇರಿಯಲ್ಲಿ ಅವಳ ಸೋದರತ್ತೆಯ ಮನೆಯಿದೆ, ಅಲ್ಲಿ ಮೂರು ಹೊಲಿಗೆ ಮಷಿನ್ ಇವೆ, ಬ್ಲೌಜ್ ಹೊಲಿಯುವುದನ್ನು ಕಲಿಯಲಿ. ಹೊಲಿಗೆ ಕೆಟ್ಟ ಕೆಲಸವಲ್ಲ. ಆದರೆ ಪಿಯುಸಿಯ ಲ್ಯಾಬಿನಲ್ಲಿ ಈರುಳ್ಳಿ ಸಿಪ್ಪೆಯನ್ನು ಮೈಕ್ರೋಸ್ಕೋಪಿನ ಕೆಳಗೆ ನೋಡಿದ ದಿನದಿಂದ ಸಾಹಿರಾ ಮನೆಯಲ್ಲಿ ಈರುಳ್ಳಿಯನ್ನು ಸುಮ್ಮನೆ ಹೆಚ್ಚಿದ್ದೇ ಇಲ್ಲ. ಪ್ರತಿ ಸಲ ಒಂದು ಪದರ ಬಿಡಿಸಿ ಬೆಳಕಿಗೆ ಹಿಡಿಯುತ್ತಿದ್ದಳು.

ದಿನಾ ಹೋಗಿಬರುವುದು ಆಗದ ಮಾತು. ಅವರ ಊರು ಮೂಡಲಗಿಯಿಂದ ಇನ್ನೂ ಒಳಗೆ. ರಾತ್ರಿ ಊರಲ್ಲೇ ನಿಲ್ಲುವ ವಸತಿ ಬಸ್ಸು ಬೆಳಿಗ್ಗೆ ಆರೂವರೆಗೆ ಗೋಕಾಕಕ್ಕೆ ಹೊರಟರೆ ತಿರುಗಿ ಊರು ಮುಟ್ಟುವುದು ರಾತ್ರಿ ಒಂಬತ್ತಕ್ಕೆ. ಸರಕಾರಿ ಹಾಸ್ಟೆಲಿಗೆ ಮುಂಜಾನೆಯೇ ಹೋಗಿ ಬಂದಿದ್ದರು. ಅಲ್ಲಿ ಸೀಟು ತುಂಬಿದ್ದವು, ಇನ್ನೊಂದು ಲಿಸ್ಟು ಬರುವುದು ಮುಂದಿನ ತಿಂಗಳು.

ಅಪ್ಪ ಮೊಬೈಲ್ ತೆಗೆದು ಟೈಮು ನೋಡಿದ. ಹನ್ನೆರಡೂಕಾಲು.

"ಐದರ ತನಕಾ ಟೈಮ್ ಐತಿ," ಎಂದಳು ಶಿವಾನಿ. "ಖೋಲಿ ನೋಡೋಣು."

ಬಾಡಿಗೆಗೆ ಖೋಲಿ ಹುಡುಕುವುದೆಂದರೆ ಏನೆಂದು ಕಾಜಲ್‌ಗೆ ಆ ದಿನ ತಿಳಿಯಿತು. ಬಿಸಿಲಲ್ಲಿ ನಡೆಯುವುದು, ಗೇಟು ಬಡಿಯುವುದು, ನಾಯಿ ಇದೆಯೇ ಎಂದು ಬಗ್ಗಿ ನೋಡುವುದು. ಗುಲಾಬಿ ಬಣ್ಣದ ಒಂದು ಮನೆಯ ಮುಂದೆ 'ಟು ಲೆಟ್' ಎಂಬ ಬೋರ್ಡು ತೂಗುತ್ತಿತ್ತು. ಮನೆಯ ಯಜಮಾನಿ ನಗುತ್ತಾ ಬಂದಳು, ನೀರು ಕೊಟ್ಟಳು, ಹೆಸರು ಕೇಳಿದಳು. ಶಿವಾನಿ ಹೇಳಿದಳು. ನಗು ಹಾಗೇ ಇತ್ತು. ಸಾಹಿರಾ ಹೇಳಿದಳು. ಕರೆಂಟು ಹೋದ ಹಾಗೆ ನಗು ಹೋಯಿತು. ಖೋಲಿ ನಿನ್ನೆಯೇ ಹೋಯಿತಂತೆ, ಅಡ್ವಾನ್ಸ್ ಸಹಿತ ಕೊಟ್ಟಾರಂತೆ.

"ಹಂಗಾರ ಬೋರ್ಡ್ ತಗೀರಿ ಮತ್ತ," ಎಂದಳು ಕಾಜಲ್.

ಅಪ್ಪ ಅವಳ ಜಡೆ ಹಿಡಿದು ಹೊರಗೆ ಕರೆತಂದ. ರಸ್ತೆಗೆ ಬಂದ ಮೇಲೆ ಬೈಯಲಿಲ್ಲ. ಬೈಯಬೇಕು ಎಂದುಕೊಂಡಿದ್ದ ಅಂತ ಕಾಣುತ್ತದೆ. ಆದರೆ ತಿರುಗಿ ಆ ಬೋರ್ಡನ್ನು ನೋಡಿದ. ಅದು ಇನ್ನೂ ತೂಗುತ್ತಲೇ ಇತ್ತು.

ಇನ್ನೆರಡು ಮನೆಗಳಲ್ಲೂ ಹೀಗೇ ಆಯಿತು. ಒಬ್ಬರು ನೀರಿಲ್ಲ ಎಂದರು. ಇನ್ನೊಬ್ಬರು ನೇರವಾಗಿ, ಇಬ್ಬರಲ್ಲಿ ಒಬ್ಬಳಾದರೆ ಕೊಡುತ್ತೇವೆ ಎಂದರು. ಯಾವ ಒಬ್ಬಳು ಎಂದು ಯಾರೂ ಕೇಳಬೇಕಾಗಿರಲಿಲ್ಲ.

ಎರಡು ಗಂಟೆಗೆ ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಬುತ್ತಿ ಬಿಚ್ಚಿದರು. ಅಪ್ಪ ಕಟ್ಟೆಯ ಈ ತುದಿಗೆ ಕುಳಿತ. ಶಹನಾಜ ಚಾಚಿ ಯಾರೂ ಹೇಳದೆಯೇ ಆ ತುದಿಗೆ ಕುಳಿತಳು. ಇಲ್ಲೂ ಜೋಳದ ರೊಟ್ಟಿ, ಅಲ್ಲೂ ಜೋಳದ ರೊಟ್ಟಿ. ಇಲ್ಲಿ ಹೆಸರುಕಾಳಿನ ಪಲ್ಯ, ಅಲ್ಲಿ ಬದನೆಕಾಯಿ. ಅಪ್ಪ ಎರಡು ಶೇಂಗಾ ಹೋಳಿಗೆಗಳನ್ನು ಕಾಗದದಲ್ಲಿಟ್ಟು ಆ ತುದಿಗೆ ಕಳಿಸಿದ. ಚಾಚಿ ತೆಗೆದುಕೊಂಡಳು. ಆ ತುದಿಯಿಂದ ಈ ತುದಿಗೆ ಒಂದು ಹಸಿ ಸವತೆಕಾಯಿ ಬಂತು. ಅದು ಹಾಗೇ ಯಾವಾಗಲೂ. ಪಂಚಮಿಗೆ ಇವರ ಮನೆಯ ಉಂಡಿ ಆ ಮನೆಗೆ ಹೋಗುತ್ತಿತ್ತು. ರಮಜಾನ್ ಹಬ್ಬಕ್ಕೆ ಆ ಮನೆಯಿಂದ ಒಣ ಶಾವಿಗೆ, ಸಕ್ಕರೆ, ಗೋಡಂಬಿ ತಟ್ಟೆಯಲ್ಲಿ ಬರುತ್ತಿದ್ದವು, ಎಲ್ಲವೂ ಹಸಿಯಾಗಿ. ಅವ್ವ ಉದ್ದವ್ವ ಅದನ್ನು ತನ್ನ ಒಲೆಯ ಮೇಲೆ ಬೇಯಿಸಿ ಕೊಡುತ್ತಿದ್ದಳು. ಬೆಂದದ್ದು ಆ ಕಡೆ ಹೋಗುತ್ತದೆ, ಹಸಿಯದ್ದು ಈ ಕಡೆ ಬರುತ್ತದೆ. ಯಾರು ಮಾಡಿದ ನಿಯಮವೋ, ಯಾರೂ ಮುರಿದಿರಲಿಲ್ಲ.

ಯಾರೂ ಎಂದರೆ, ಕಾಜಲ್ ಒಬ್ಬಳನ್ನು ಬಿಟ್ಟು.

ಅವ್ವ ಹೊಲಕ್ಕೆ ಹೋದರೆ ಬರುವುದು ಆರಕ್ಕೆ. ಅಪ್ಪ ಗಿರಣಿಯಲ್ಲಿ. ಸಾಲಿ ಬಿಟ್ಟು ನಾಲ್ಕೂವರೆಗೆ ಬರುವ ಕಾಜಲ್‌ಗೆ ಮನೆಯ ಕೀಲಿ ಸಿಗುವುದು ಚಾಚಿಯ ಮನೆಯಲ್ಲಿ. ಕೀಲಿಯ ಜೊತೆ ಮೂರನೇ ಇಯತ್ತೆಯಲ್ಲಿ ಒಂದು ದಿನ ರೊಟ್ಟಿಯೂ ಸಿಕ್ಕಿತು. ಅಂದಿನಿಂದ ಎರಡು ವರ್ಷ, ದಿನಾ ಸಿಕ್ಕಿತ್ತು. ಇದು ಶಿವಾನಿಗೆ ಗೊತ್ತು. ಅಪ್ಪ ಅವ್ವನಿಗೆ ಗೊತ್ತಿಲ್ಲ.

ಹೀಗಾಗಿ ಈಗ ಬದನೆಕಾಯಿಯ ವಾಸನೆ ಬಂದದ್ದೇ ತಡ, ಕಾಜಲ್‌ಳ ಕಾಲು ತಾವಾಗಿಯೇ ಆ ತುದಿಗೆ ಹೊರಟವು. ಶಿವಾನಿ ಹಿಂದಿನಿಂದ ಚಿವುಟಿದಳು. ಕಾಜಲ್ ಕುಳಿತಳು. ಹೊಟ್ಟೆ ತುಂಬ ತಿಂದಳು. ಆದರೂ ಯಾಕೋ ಉಂಡ ಹಾಗೆ ಅನಿಸಲಿಲ್ಲ.

ಮೂರೂವರೆಗೆ ಸಾಹಿರಾ ಝೆರಾಕ್ಸ್ ಅಂಗಡಿಯ ಗೋಡೆಯ ಮೇಲೆ ಒಂದು ಚೀಟಿ ನೋಡಿದಳು. 'ಮಾಳಿಗೆ ಮೇಲೆ ಖೋಲಿ. ಹೆಣ್ಣುಮಕ್ಕಳಿಗೆ ಮಾತ್ರ.' ಕೆಳಗೆ ಫೋನ್ ನಂಬರು ಇರಲಿಲ್ಲ. 'ಅಲ್ಲವ್ವನ ಮನಿ ಅಂತ ಕೇಳ್ರಿ' ಎಂದಿತ್ತು.

ಕೇಳಿದರು. ಹೋದರು. ಅಲ್ಲವ್ವ ಎಪ್ಪತ್ತು ದಾಟಿದ ಸಪೂರ ಮುದುಕಿ. ಸೊಂಟದಲ್ಲಿ ಕೀಲಿಗೊಂಚಲು. ಖೋಲಿ ಸಣ್ಣದು, ಆದರೆ ಎರಡು ಗಾದಿ ಹಾಸಬಹುದು. ಬಾಗಿಲು ಗಟ್ಟಿ. ಕಾಲೇಜು ಹತ್ತು ನಿಮಿಷದ ದಾರಿ. ಮುದುಕಿ ಹೆಸರು ಕೇಳಿದಳು. ಶಿವಾನಿ, ಸಾಹಿರಾ ಇಬ್ಬರೂ ಹೇಳಿ, ಅವಳ ಮುಖ ನೋಡಿದರು.

ಅಲ್ಲವ್ವ ಮುಖ ತಿರುಗಿಸಲಿಲ್ಲ. ಕೈಯೆತ್ತಿ ಮೇಲಿನ ತೊಲೆ ತೋರಿಸಿದಳು. ತೊಲೆಯ ಅರ್ಧ ಸುಟ್ಟು ಕರ್ರಗಾಗಿತ್ತು.

"ಹೋದ ವರ್ಷದ ಹುಡುಗಿ ಸ್ಟೋವ್ ಹಚ್ಚಿದ್ಲು. ಯಾರರ ಇರ್ರಿ, ಏನರ ಉಣ್ರಿ. ನನ್ನ ಮಾಳಿಗಿ ಒಳಗ ಒಲಿ ಹಚ್ಚಂಗಿಲ್ಲ."

ಹಾಗಾದರೆ ಊಟ? ಅದಕ್ಕೆ ಈ ಭಾಗದಲ್ಲಿ ಹಳೆಯ ದಾರಿಯಿದೆ. ಬೆಳಿಗ್ಗೆ ಊರಲ್ಲಿ ಡಬ್ಬಿ ಕಟ್ಟಿ, ಮೇಲೆ ಹೆಸರು ಬರೆದು, ವಸತಿ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟರಾಯಿತು. ಗೋಕಾಕದ ಸ್ಟ್ಯಾಂಡಿನಲ್ಲಿ ಓದುವ ಮಕ್ಕಳು ಬಂದು ತೆಗೆದುಕೊಳ್ಳುತ್ತಾರೆ, ನಿನ್ನೆಯ ಖಾಲಿ ಡಬ್ಬಿ ಕೊಡುತ್ತಾರೆ. ಎಷ್ಟೋ ಜನ ಡಾಕ್ಟರು, ಮಾಸ್ತರು ಆದದ್ದು ಬಸ್ಸಿನಲ್ಲಿ ಬಂದ ರೊಟ್ಟಿ ತಿಂದೇ.

ಅಪ್ಪನ ಮುಖ ಮೊದಲ ಸಲ ಅರಳಿತು. ಅಲ್ಲೇ ನಿಂತು ಕಂಡಕ್ಟರ್ ಕಲ್ಲಪ್ಪನಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದ. ಎರಡು ಡಬ್ಬಿ ತರಬೇಕು, ಒಂದು ನಮ್ಮ ಮನೆಯದು, ಒಂದು ರಮಜಾನಸಾಬರದು ಎಂದ.

"ಈಶ್ವರಣ್ಣಾ, ಒಂದ ಖೋಲಿಗೆ ಒಂದ ಡಬ್ಬಿ," ಎಂದಿತು ಕಲ್ಲಪ್ಪನ ದನಿ. "ಈಗಾ ಬಾನೆಟ್ ಮ್ಯಾಲ ಮೂವತ್ತೆಂಟ ಡಬ್ಬಿ ಅದಾವ. ಡ್ರೈವರ್ ಗಿಯರ್ ಹಾಕಾಕ ಹೋದ್ರ ಕೈಗೆ ಚಟ್ನಿ ಹತ್ತತೈತಿ."

ಕಾಜಲ್ ಕಿಸಕ್ಕನೆ ನಕ್ಕಳು. ಸಾಹಿರಾಳೂ ನಕ್ಕಳು. ಫೋನ್ ಕಟ್ಟಾಯಿತು. ಆಮೇಲೆ ಯಾರೂ ನಗಲಿಲ್ಲ.

ಒಂದೇ ಡಬ್ಬಿ. ಯಾರ ಮನೆಯದು?

ಅಪ್ಪ ಗಂಟಲು ಸರಿಮಾಡಿಕೊಂಡ. ಅದರಲ್ಲೇನಿದೆ, ನಮ್ಮ ಮನೆಯಿಂದಲೇ ದಿನಾ ಬರಲಿ, ಉದ್ದವ್ವ ಇಬ್ಬರಿಗೂ ಸೇರಿಸಿ ಮಾಡುತ್ತಾಳೆ, ಸಾಹಿರಾ ನಮ್ಮ ಹುಡುಗಿಯಿದ್ದ ಹಾಗೆ, ನೀವು ಚಿಂತೆ ಮಾಡಬೇಡಿ ಅಕ್ಕಾ, ಎಂದ. ಮನಸಿಟ್ಟೇ ಹೇಳಿದ್ದ. ಸಾಹಿರಾಳ ಕಣ್ಣು ಮಿನುಗಿತು. ಶಿವಾನಿ ಅವಳ ಕೈ ಹಿಡಿದಳು.

ಶಹನಾಜ ಚಾಚಿ ಮಾತ್ರ ಸೆರಗಿನ ಅಂಚನ್ನು ಮಡಚುತ್ತಾ ನಿಂತಿದ್ದಳು. ಮಡಚಿ ಮುಗಿಸಿ ತಲೆ ಎತ್ತಿದಳು.

"ಈಶ್ವರಣ್ಣ, ಸಿಟ್ಟ ಆಗಬ್ಯಾಡ್ರಿ. ನನ್ನ ಮಗಳು ಮೂರ ವರ್ಷ ದಿನಾ ನಿಮ್ಮ ರೊಟ್ಟಿ ಉಣ್ಣಬೇಕು. ನನ್ನ ಕೈಯಾಂದು ಒಂದ ದಿನಾನೂ ನಿಮ್ಮ ಮಗಳಿಗೆ ನಡ್ಯಂಗಿಲ್ಲ. ಹಂಗಿದ್ರ ಬ್ಯಾಡ್ರಿ. ಹುಕ್ಕೇರಿಗೆ ಕಳಸ್ತೇನಿ."

"ಅಮ್ಮೀ," ಎಂದಳು ಸಾಹಿರಾ.

ಅಪ್ಪ ಏನೇನೋ ಹೇಳಿದ. ತನ್ನ ಮನಸ್ಸಿನಲ್ಲಿ ಹಾಗೇನೂ ಇಲ್ಲ, ಆದರೆ ಮನೆಯ ರೀತಿ ಅಂತ ಒಂದಿರುತ್ತದೆ, ಉದ್ದವ್ವ ಏನನ್ನುತ್ತಾಳೋ, ನಾಲ್ಕು ಜನ ಏನನ್ನುತ್ತಾರೋ. ಚಾಚಿ ಎಲ್ಲದಕ್ಕೂ ತಲೆಯಾಡಿಸಿದಳು. ಅಂಥ ತಲೆಯಾಡಿಸುವಿಕೆಗೆ ಉತ್ತರ ಕೊಡುವುದು ಕಷ್ಟ. ಕೆಳಗಿಳಿದು ಮೆಟ್ಟಿಲ ಮೇಲೆ ಕುಳಿತಿದ್ದ ಅಲ್ಲವ್ವ, ಹೊತ್ತು ಇಳಿಯುತ್ತಿದೆ, ಲಗೂ ಹೇಳಿರಿ ಎಂದು ಕೂಗಿದಳು. ಮೊಬೈಲಿನಲ್ಲಿ ನಾಲ್ಕು ಇಪ್ಪತ್ತು. ಟ್ರಸ್ಟಿನ ಮಂಚ ಇನ್ನು ನಲವತ್ತು ನಿಮಿಷ ಮಾತ್ರ ಖಾಲಿ ಇರುತ್ತದೆ. ಸಾಹಿರಾ ಗೋಡೆಯ ಕಡೆ ತಿರುಗಿ ನಿಂತಳು. ಗೋಡೆಯಲ್ಲಿ ನೋಡುವಂಥದ್ದು ಏನೂ ಇರಲಿಲ್ಲ.

ಕಾಜಲ್‌ಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಹಾಕಿದಳು. ಅಂಗಾಲು ಉರಿಯುವ ಹಾಗಿತ್ತು. ದೊಡ್ಡವರು ಇಷ್ಟು ಸುತ್ತು ಸುತ್ತಿ ಯಾಕೆ ಮಾತಾಡುತ್ತಾರೆ? ರೊಟ್ಟಿ ಅಲ್ಲವೇ ಇದು? ಬರೀ ರೊಟ್ಟಿ?

"ಅಪ್ಪಾ, ನಾ ಉಣ್ತೇನಿ," ಎಂದಳು.

"ಸುಮ್ಮನಿರು. ಈಗ ಉಂಡೀಯಲ್ಲ."

"ಈಗ ಅಲ್ಲ. ದಿನಾ. ಚಾಚಿ ಮನ್ಯಾಗ. ಸಾಲಿ ಬಿಟ್ಟ ಮ್ಯಾಲ. ಎರಡ ವರ್ಷ ಆತು."

ಶಿವಾನಿ ಕಣ್ಣು ಮುಚ್ಚಿಕೊಂಡಳು. ಅಪ್ಪ ಕಾಜಲ್‌ಳನ್ನು ನೋಡಿದ, ಮೊದಲ ಸಲ ನೋಡುತ್ತಿರುವ ಹಾಗೆ. ಈಗ ಹೊಡೆತ ಬೀಳುತ್ತದೆ ಎಂದುಕೊಂಡಳು ಕಾಜಲ್. ಬೀಳುವುದರೊಳಗೆ ಹೇಳಬೇಕಾದದ್ದನ್ನೆಲ್ಲ ಹೇಳಿಬಿಡಬೇಕು ಎಂದು ಒಂದೇ ಉಸಿರಿಗೆ ಶುರು ಮಾಡಿದಳು.

"ನನಗ ಏನೂ ಆಗಿಲ್ಲಲ. ಮತ್ತ ಆ ರೊಟ್ಟಿ ಹಿಟ್ಟು ನಮ್ಮ ಗಿರಣಿದ ಐತಿ. ನೀನ ಬೀಸಿ ಕೊಟ್ಟಿದ್ದು. ಅವರ ಜ್ವಾಳಾ ಬೀಸಿ ಆದ ಮ್ಯಾಲ ಅದ ಕಲ್ಲಿನಾಗ ನಮ್ಮ ಜ್ವಾಳಾ ಹಾಕ್ತಿ. ಕಲ್ಲ ಎಲ್ಲಿ ತೊಳಿತಿ?"

ಅಪ್ಪ ಕಿವಿಯ ಹಿಂದಿನ ಬಿಳಿ ಹಿಟ್ಟನ್ನು ಬೆರಳಿನಿಂದ ಒರೆಸಿಕೊಂಡ, ಯಾರೋ ಈಗ ತಾನೇ ಅದನ್ನು ತೋರಿಸಿದ ಹಾಗೆ.

"ಆಕಿ ಹೇಳಿದ್ದು ಖರೆ," ಎಂದಳು ಚಾಚಿ. ದನಿ ಸಣ್ಣದಾಗಿತ್ತು. "ಆದ್ರ ಆಕಿಗೂ ಪೂರಾ ಗೊತ್ತಿಲ್ಲ. ಆಕಿಗಂತ ಬ್ಯಾರೆ ಬೋಗುಣಿ ಇಟ್ಟೇನ್ರಿ. ಬ್ಯಾರೆ ತಾಟು, ಬ್ಯಾರೆ ಹಂಚು. ಸಂಕೇಶ್ವರ ಸಂತ್ಯಾಗ ತಂದಿದ್ದು. ಅದರಾಗ ಎಂದೂ ಮಾಂಸ ಹಾಕಿಲ್ಲ, ನಮ್ಮ ಹುಡುಗರ ಕೈಗೂ ಕೊಟ್ಟಿಲ್ಲ. ಹಸಗೊಂಡ ಬಂದ ಕೂಸಿಗೆ ಇಲ್ಲ ಅನ್ನಾಕ ಆಗಲಿಲ್ಲ. ನಿಮ್ಮ ರೀತಿ ಕೆಡಸಾಕೂ ಮನಸ ಬರಲಿಲ್ಲ."

ಕಾಜಲ್ ಚಾಚಿಯನ್ನೇ ನೋಡಿದಳು. ಆ ತಾಟು ಅವಳಿಗೆ ಗೊತ್ತು. ಅಂಚಿನಲ್ಲಿ ಹೂವಿನ ಚಿತ್ರವಿದ್ದ ತಾಟು. ತನ್ನ ಮೇಲಿನ ಪ್ರೀತಿಗೆ ಚಂದದ್ದನ್ನೇ ಆರಿಸಿ ಕೊಡುತ್ತಾರೆ ಎಂದುಕೊಂಡಿದ್ದಳು. ತಾನು ಮುರಿದೆ ಎಂದುಕೊಂಡಿದ್ದ ನಿಯಮವನ್ನು ಗೋಡೆಯ ಆಚೆ ಬದಿಯಲ್ಲಿ ಚಾಚಿ ದಿನಾ ತಿಕ್ಕಿ ತೊಳೆದು ಕಾಯುತ್ತಿದ್ದಳು.

ಕಾಜಲ್ ಮನೆಯವರ ಕಡೆಯೂ ಒಂದು ಬೇರೆ ಪಾತ್ರೆ ಇತ್ತು. ಗಿರಣಿಯ ಕಿಟಕಿಯಲ್ಲಿ, ನಟ್ಟು ಬೋಲ್ಟಿನ ಡಬ್ಬಿಯ ಪಕ್ಕ, ಒಂದು ಹಳೆಯ ಕಪ್ಪು. ರಮಜಾನಸಾಬ ಕಾಕಾ ಬಂದಾಗ ಅದರಲ್ಲೇ ಚಹಾ. ಕುಡಿದ ಮೇಲೆ ಕಾಕಾ ತಾನೇ ನಳದ ಕೆಳಗೆ ತೊಳೆದು ಅಲ್ಲೇ ಇಡುತ್ತಿದ್ದ. ಅದನ್ನು ನೋಡಿ ನೋಡಿ ಕಾಜಲ್‌ಗೆ ಅದು ಕಾಣುವುದೇ ನಿಂತುಹೋಗಿತ್ತು. ಈಗ ಕಂಡಿತು. ಅಪ್ಪನಿಗೂ ಕಂಡಿರಬೇಕು. ಅವನು ಖೋಲಿಯ ಕಿಟಕಿಯ ಹತ್ತಿರ ಹೋಗಿ ಹೊರಗೆ ನೋಡಿದ.

"ಅಪ್ಪಾ," ಎಂದಳು ಶಿವಾನಿ. "ನಾ ಇಲ್ಲೇ ಇರ್ತೇನಿ. ಒಂದ ದಿನ ಅವ್ವನ ಡಬ್ಬಿ, ಒಂದ ದಿನ ಚಾಚಿ ಡಬ್ಬಿ. ಹಂಗಿದ್ರ ಇರ್ತೇನಿ. ಆ ಮಂಚ ನನಗ ಬ್ಯಾಡ."

ಕೆಳಗಿನಿಂದ ಅಲ್ಲವ್ವನ ಕೀಲಿಗೊಂಚಲಿನ ಸದ್ದು ಬಂತು.

ಅಪ್ಪ ಮೊಬೈಲ್ ತೆಗೆದ. ಅವನು ಟೈಮು ನೋಡುತ್ತಾನೆ ಎಂದುಕೊಂಡಳು ಕಾಜಲ್. ಅವನು ನಂಬರು ಒತ್ತಿದ. ವಾರ್ಡನ್ ಮೇಡಂಗೆ ನಮಸ್ಕಾರ ಹೇಳಿ, ಆ ಬೆಡ್ ಮುಂದಿನ ಹೆಸರಿನವರಿಗೆ ಕೊಟ್ಟುಬಿಡಿ ಎಂದ. ಕಾರಣ ಕೇಳಿದರು ಅಂತ ಕಾಣುತ್ತದೆ. ಖೋಲಿ ಸಿಕ್ಕಿತು ಎಂದಷ್ಟೇ ಹೇಳಿದ. ಆಮೇಲೆ, ಚಾಚಿಯ ಮುಖ ನೋಡದೆ, ತೊಲೆಯ ಸುಟ್ಟ ಕಲೆಯನ್ನು ನೋಡುತ್ತಾ ಅಂದ:

"ಸೋಮವಾರದ್ದು ನಿಮ್ಮ ಮನೀದು ಬರಲಿ ಅಕ್ಕಾ. ಮಂಗಳವಾರ ನಮ್ಮದು."

ತಿರುಗಿ ಹೋಗುವಾಗ ಬಸ್ಸು ತುಂಬಿತ್ತು. ಅರಭಾವಿಯಲ್ಲಿ ಕಾಲೇಜು ಹುಡುಗರು ಹತ್ತಿದ ಮೇಲಂತೂ ಕಾಲಿಡಲು ಜಾಗವಿರಲಿಲ್ಲ. ಅಪ್ಪ ಕಂಬ ಹಿಡಿದು ನಿಂತಿದ್ದ. ಅವ್ವನಿಗೆ ಯಾರು ಹೇಳುವುದು ಎಂದು ಕಾಜಲ್ ಕೇಳಿದಳು. ನಾನು ಹೇಳುತ್ತೇನೆ ಎಂದ. ಸ್ವಲ್ಪ ಹೊತ್ತಿನ ಮೇಲೆ, ಎಷ್ಟು ರೊಟ್ಟಿ ತಿನ್ನುತ್ತಿದ್ದೆ ಎಂದು ಕೇಳಿದ. ಎರಡು, ಶುಕ್ರವಾರ ಮೂರು ಎಂದಳು ಕಾಜಲ್.

ಅವ್ವ ಸಿಟ್ಟಾಗುತ್ತಾಳೆ ಎಂದುಕೊಂಡಿದ್ದಳು ಕಾಜಲ್. ಅವ್ವ ಸಿಟ್ಟಾಗಲಿಲ್ಲ. ಎಲ್ಲ ಕೇಳಿ, ಎದ್ದು ಹೋಗಿ ಎಮ್ಮೆಗೆ ಮೇವು ಹಾಕಿದಳು. ಆಗಲೇ ಹಾಕಿ ಆಗಿದ್ದ ಮೇವಿನ ಮೇಲೆಯೇ ಹಾಕಿದಳು. ಎರಡು ದಿನ ಕಾಜಲ್ ಜೊತೆ ಹೆಚ್ಚು ಮಾತಾಡಲಿಲ್ಲ. ಒಂದು ಸಲ ಮಾತ್ರ ತಲೆ ಬಾಚುತ್ತಾ, ಸಾಲಿ ಬಿಟ್ಟ ಮೇಲೆ ಅಷ್ಟೊಂದು ಹಸಿವಾಗುತ್ತಿತ್ತೇ, ನನಗ್ಯಾಕೆ ಹೇಳಲಿಲ್ಲ ಎಂದಳು. ಬಾಚಣಿಗೆ ಒಂದೇ ಜಾಗದಲ್ಲಿ ಓಡುತ್ತಿತ್ತು.

ರವಿವಾರ ಹುಡುಗಿಯರಿಬ್ಬರೂ ಹೋಗಿ ಖೋಲಿ ಸೇರಿದರು. ಸೋಮವಾರ ಚಾಚಿಯ ಡಬ್ಬಿ ಹೋಯಿತು. ರಾತ್ರಿ ಶಿವಾನಿ ಫೋನ್ ಮಾಡಿ, ಮೈಕ್ರೋಸ್ಕೋಪಿಗೆ ಸಾಲು ಹಚ್ಚಿ ನಿಲ್ಲಬೇಕು, ಸಾಹಿರಾ ತನ್ನ ಪಾಳಿ ಮುಗಿದರೂ ಏಳುವುದಿಲ್ಲ, ಹಿಂದಿನವರು ಬೈಯುತ್ತಾರೆ ಎಂದು ನಕ್ಕಳು. ಊಟದ ಮಾತನ್ನು ಅವ್ವ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಮಂಗಳವಾರ ಬೆಳಿಗ್ಗೆ ಐದಕ್ಕೇ ಒಲೆ ಹೊತ್ತಿತು. ಡಬ್ಬಿಯನ್ನು ಬಸ್ಸಿಗೆ ಮುಟ್ಟಿಸುವುದು ಕಾಜಲ್ ಕೆಲಸ. ಅವಳು ಮುಖ ತೊಳೆದು ಅಡಿಗೆಮನೆಗೆ ಬಂದಾಗ ಅವ್ವ ಪಟಪಟ ರೊಟ್ಟಿ ಬಡಿಯುತ್ತಿದ್ದಳು. ಬುಟ್ಟಿಯಲ್ಲಿ ಐದು ರೊಟ್ಟಿ ಇದ್ದವು. ಆರನೆಯದು ಹಂಚಿನ ಮೇಲೆ. ಏಳನೆಯದಕ್ಕೆ ಹಿಟ್ಟು ಹಿಡಿದ ಅವ್ವನ ಕೈ ನಿಂತಿತು.

"ಸಾಹಿರಾ ಎಷ್ಟ ರೊಟ್ಟಿ ಉಣ್ತಾಳಲೇ?"

ಇದೇನು ದೊಡ್ಡ ಪ್ರಶ್ನೆ ಎಂದು ಕಾಜಲ್ ಬಾಯಿ ತೆರೆದಳು. ಮುಚ್ಚಿದಳು.

ಎರಡು ವರ್ಷ. ತನ್ನ ಮುಂದೆ ತಾಟು ಇಟ್ಟು, ನೀರು ಇಟ್ಟು, ಲೆಕ್ಕದ ಪುಸ್ತಕ ತೆರೆದು ಪಕ್ಕದಲ್ಲಿ ಕುಳಿತಿದ್ದ ಸಾಹಿರಾ. ತನಗೆ ಖಾರ ಆಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಮೊಸರಿಗೆ ಸಕ್ಕರೆ ಬೇಕೆಂದು ಗೊತ್ತಿತ್ತು. ತಾನು ರೊಟ್ಟಿಯ ಅಂಚು ಬಿಡುತ್ತೇನೆಂದು ಗೊತ್ತಿತ್ತು. ಸಾಹಿರಾ ಅಕ್ಕ ಎಷ್ಟು ತಿನ್ನುತ್ತಾಳೆ? ಅವಳಿಗೆ ಬದನೆಕಾಯಿ ಇಷ್ಟವೋ, ಹೆಸರುಕಾಳೋ? ಕಾಜಲ್ ಎಷ್ಟು ನೆನಪಿಸಿಕೊಂಡರೂ ತನ್ನ ತಾಟೊಂದೇ ಕಣ್ಣ ಮುಂದೆ ಬಂತು.

"ಗೊತ್ತಿಲ್ಲಬೇ," ಎಂದಳು.

"ನನಗೂ ಗೊತ್ತಿಲ್ಲ." ಅವ್ವ ಕೈಯಲ್ಲಿದ್ದ ಹಿಟ್ಟಿನ ಉಂಡೆಯನ್ನೇ ನೋಡಿದಳು. "ಹುಟ್ಟಿದಾಗಿಂದ ಇದ ಗ್ವಾಡಿ ಆಚೆ ಅದಾಳ ಆ ಹುಡುಗಿ."

ಉಂಡೆಯನ್ನು ಹಿಟ್ಟು ನಾದುವ ಕೊಣಮಿಗೆಯಲ್ಲಿ ಇಟ್ಟು ಅವ್ವ ಎದ್ದಳು. ಕೈ ತೊಳೆಯುತ್ತಾಳೆ ಎಂದುಕೊಂಡಳು ಕಾಜಲ್. ತೊಳೆಯಲಿಲ್ಲ. ಹಿ‌ಟ್ಟಿನ ಕೈಯಲ್ಲೇ ಸೆರಗು ಸರಿಮಾಡಿಕೊಂಡು, ಹಂಚಿನ ಮೇಲಿನದನ್ನು ನೋಡಿಕೋ, ಹೊತ್ತಗೊಡಬೇಡ ಎಂದು ಹೇಳಿ ಹೊರಗೆ ಹೋದಳು. ಪಕ್ಕದ ಮನೆಯ ಚಿಲಕ ಸದ್ದಾಯಿತು. ಬಾಗಿಲು ತೆರೆಯಿತು.

ಊರಬಾಗಿಲ ಅಗಸಿಯ ಹತ್ತಿರ ವಸತಿ ಬಸ್ಸು ಇಂಜಿನ್ ಚಾಲೂ ಮಾಡಿತು. ಕಲ್ಲಪ್ಪ ಒಂದು ಸಲ ಹಾರ್ನ್ ಹೊಡೆದ. ಕಾಜಲ್ ಬಾಗಿಲ ಕಡೆ ನೋಡಿದಳು, ಹಂಚಿನ ಕಡೆ ನೋಡಿದಳು. ಗೋಡೆಯ ಆಚೆ ಎರಡು ದನಿ ಕೇಳುತ್ತಿದ್ದವು. ಒಂದು ಅವ್ವನದು, ಒಂದು ಚಾಚಿಯದು. ಮಾತು ಸ್ಪಷ್ಟವಾಗಿರಲಿಲ್ಲ. ನಡುನಡುವೆ ಇಬ್ಬರೂ ಸುಮ್ಮನಾಗುತ್ತಿದ್ದರು. ಮತ್ತೆ ಶುರು ಮಾಡುತ್ತಿದ್ದರು.

ಎಷ್ಟು ರೊಟ್ಟಿ ಎಂದು ಕೇಳುವುದಕ್ಕೆ ಇಷ್ಟು ಹೊತ್ತೇ, ಬಸ್ಸು ಹೋಗುತ್ತದೆ ಎಂದು ಕೂಗಿ ಕರೆಯಬೇಕೆಂದು ಕಾಜಲ್‌ಳ ನಾಲಿಗೆಯ ತುದಿಗೆ ಬಂತು. ಅವಳು ಕೂಗಲಿಲ್ಲ. ಒಲೆಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು, ಬೆರಳು ಸುಟ್ಟರೂ ಬಿಡದೆ, ರೊಟ್ಟಿಯನ್ನು ಮೆಲ್ಲಗೆ ತಿರುವಿ ಹಾಕಿದಳು.